ಗೋಪುರ ನೋಡಿ ಹಾಗೇ ವಾಪಸಾಗಬೇಡಿ

ಪ್ರಿಯ ಓದುಗರೇ,

ಜಾವಾ ದ್ವೀಪದ ಕುಡುಸ್ ಊರಿನ ಮೆನಾರ ಮಸೀದಿ ಬಗ್ಗೆ ನಮ್ಮ ಲೇಖನ ಓದಿ ನೀವು ಕೇಳಿದ್ದೀರಿ: 'ಮಸೀದಿಗೆ ಗುಡಿಯಂಥ ಗೋಪುರ ಇದೆ ಅಂತ ಜನ ಫೋಟೊ ತೆಗೆಯೋಕೆ ಬರುತ್ತಾರೆ. ಇದನ್ನೇ ಪ್ರವಾಸೋದ್ಯಮ ಅಂತ ಬೆಳೆಸಿದರೆ ಭಕ್ತಿ ಉಳಿಯುತ್ತಾ?'

ನಿಮ್ಮ ಆತಂಕ ನನಗೂ ಇದೆ. ಆದರೆ ಅಲ್ಲಿಗೆ ಬರುವ ಹೆಚ್ಚಿನವರು ಯಾತ್ರಿಕರು. ಮಸೀದಿ ಹಿಂದೆಯೇ ಸುನನ್ ಕುಡುಸ್ ಅವರ ಸಮಾಧಿ ಇದೆ. ಜಾವಾದಲ್ಲಿ ಇಸ್ಲಾಂ ಹರಡಿದ ಒಂಬತ್ತು ಸಂತರಲ್ಲಿ ಅವರೂ ಒಬ್ಬರು. ಒಂಬತ್ತೂ ಸಮಾಧಿಗಳಿಗೆ ಜನ ಬಸ್ಸು ಮಾಡಿಕೊಂಡು ಹೋಗುತ್ತಾರೆ. ಬಂದೇ ನವಾಜ್ ಉರುಸಿಗೆ ಕಲಬುರಗಿಗೆ ಹೋದವರಿಗೆ ಆ ಸಡಗರ ಗೊತ್ತಿರುತ್ತೆ.

ಮಸೀದಿ 1549ರದ್ದು. ಕೆಂಪು ಇಟ್ಟಿಗೆಯ ಗೋಪುರ ಸುಮಾರು 18 ಮೀಟರ್ ಎತ್ತರ, ಹಳೇ ಜಾವಾದ ಹಿಂದೂ ಗುಡಿಗಳ ಥರವೇ. ಗೋಡೆಯಲ್ಲಿ ಪಿಂಗಾಣಿ ತಟ್ಟೆಗಳನ್ನು ಕೂರಿಸಿದ್ದಾರೆ. ಮೇಲೆ ನಗಾರಿ. ನಮಾಜಿಗೆ ಮುಂಚೆ ಕೈಕಾಲು ತೊಳೆಯುವ ಜಾಗದಲ್ಲಿ ನೀರು ಬೀಳೋಕೆ ಎಂಟು ಕಿಂಡಿ. ಬೌದ್ಧರ ಅಷ್ಟಾಂಗ ಮಾರ್ಗದ ನೆನಪಿಗೆ ಅಂತ ಅಲ್ಲಿನವರು ಹೇಳುತ್ತಾರೆ.

ನನ್ನ ಮನಸ್ಸು ಜಾಸ್ತಿ ನಿಲ್ಲುವುದು ಆ ಊರಿನ ಊಟದ ಹತ್ತಿರ. ಹಸು ಹಿಂದೂಗಳಿಗೆ ಪೂಜ್ಯ, ಅದನ್ನು ಕಡಿಯಬೇಡಿ ಅಂತ ಸುನನ್ ಹೇಳಿದ್ದರಂತೆ. ಊರು ಇವತ್ತಿಗೂ ಆ ಮಾತು ನಡೆಸಿಕೊಂಡು ಬಂದಿದೆ. ಸೋತೊ ಅನ್ನುವ ಅಲ್ಲಿನ ಸಾರಿಗೆ ಎಮ್ಮೆ ಮಾಂಸ ಹಾಕುತ್ತಾರೆ. ಚಿಕ್ಕ ಬಟ್ಟಲು, ತಳದಲ್ಲಿ ಅನ್ನ, ಮೇಲೆ ಬಿಸಿ ಸಾರು, ಒಂದಿಷ್ಟು ಮೊಳಕೆಕಾಳು. ಮೊಹರಂ 10ರಂದು ಸಮಾಧಿಯ ಬಟ್ಟೆ ಬದಲಿಸಿದಾಗ ತೇಗದ ಎಲೆಯಲ್ಲಿ ಅನ್ನ, ಮಾಂಸ ಕಟ್ಟಿ ಊರಿಗೆಲ್ಲ ಹಂಚುತ್ತಾರೆ. ಐನೂರು ವರ್ಷದ ಹತ್ತಿರ ಆದರೂ ಒಬ್ಬ ಸಂತನ ಮಾತು ಅಡುಗೆಮನೆಯಲ್ಲಿ ಉಳಿದಿದೆಯಲ್ಲ, ಅದನ್ನು ನೆನೆದರೆ ನನಗೆ ಕಣ್ಣು ತುಂಬುತ್ತೆ.

ಹಾಗಾಗಿ ಬೆಳೆಸಲಿ, ಆದರೆ ಗೋಪುರಕ್ಕೆ ಬಣ್ಣದ ದೀಪ ಬೇಡ. ಮಳೆ, ಪಾಚಿಗೆ ಸವೆಯುವ ಇಟ್ಟಿಗೆಯ ಆರೈಕೆಗೆ ಮೊದಲು ದುಡ್ಡು ಹೋಗಲಿ. ಸುತ್ತ ಎಲ್ಲ ಇಕ್ಕಟ್ಟು ಗಲ್ಲಿ. ದೊಡ್ಡ ಬಸ್ಸುಗಳು ದೂರವೇ ನಿಲ್ಲಲಿ, ಅಲ್ಲಿಂದ ಸೈಕಲ್ ರಿಕ್ಷಾದವರಿಗೆ ನಾಲ್ಕು ಕಾಸು ಸಿಗಲಿ. ವಯಸ್ಸಾದವರಿಗೆ ಕೂರೋಕೆ ನೆರಳು, ಹೆಂಗಸರಿಗೆ ಚೊಕ್ಕ ಶೌಚಾಲಯ ಬೇಕು. ಎಮ್ಮೆ ಸಾರಿನ ಕತೆಯನ್ನು ಆ ಊರಿನ ಹುಡುಗರೇ ಗೈಡುಗಳಾಗಿ ಹೇಳಬೇಕು. ಇಷ್ಟಾದರೆ ಭಕ್ತಿಗೆ ಏನೂ ಕುಂದಾಗುವುದಿಲ್ಲ ಅಂತ ನನ್ನ ನಂಬಿಕೆ.

ನೀವು ಹೋದರೆ ಸಮಾಧಿ ಹತ್ತಿರ ಸ್ವಲ್ಪ ಹೊತ್ತು ಸುಮ್ನೆ ಕೂತು ಬನ್ನಿ. ಜೆನಾಂಗ್ ಅಂತ ಅಂಟಂಟು ಸಿಹಿ ಸಿಗುತ್ತೆ, ನಮ್ಮ ಹಲ್ವದ ಥರ. ಮನೆಗೊಂದು ಪೊಟ್ಟಣ ತನ್ನಿ.

- ಸಂ.