ಕಾಲೇಜ್ ಬೇಜಾರಾ, ಬಸ್ ಬೇಜಾರಾ?

ಪ್ರಶ್ನೆ: ಮೇಡಂ ನಮಸ್ತೆ, ನಾನು ದಾವಣಗೆರೆಯ ಒಂದು ಇಂಜಿನಿಯರಿಂಗ್ ಕಾಲೇಜಲ್ಲಿ ಕಂಪ್ಯೂಟರ್ ಸೈನ್ಸ್ ಎರಡನೇ ಸೆಮ್ ಓದ್ತಿದೀನಿ, ಊರು ಚಿತ್ರದುರ್ಗ. ಸಿಇಟಿಲಿ ಸಿಕ್ಕ ಸೀಟು, ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜು. ಬಸ್ ಹೆಂಗೂ ಫ್ರೀ ಐತಲ್ಲ ಹಾಸ್ಟೆಲ್ ಯಾಕೆ ಅಂದ್ರು ಮನೇಲಿ, ಹಂಗಾಗಿ ದಿನಾ ಬೆಳಿಗ್ಗೆ ಏಳಕ್ಕೆ ಬಸ್ ಹತ್ತಿದ್ರೆ ವಾಪಸ್ ಮನೆ ಸೇರೋದು ಆರೂವರೆ. ಕ್ಯಾಂಪಸ್ ಲೈಫ್ ಅನ್ನೋದೇ ಇಲ್ಲ ಇಲ್ಲಿ. ಪಾಠ ಪರ್ವಾಗಿಲ್ಲ, ಮಾರ್ಕ್ಸ್ ಚೆನ್ನಾಗೇ ಬರ್ತಿದೆ, ಆದ್ರೆ ಒಬ್ಬರೂ ಕ್ಲೋಸ್ ಆಗ್ಲಿಲ್ಲ, ಕ್ಲಾಸ್ ಗ್ರೂಪಲ್ಲಿ ಅವ್ರವ್ರೇ ದೋಸೆ ತಿನ್ನೋಕೆ ಹೋಗಿರೋ ಫೋಟೋ ಹಾಕ್ತಾರೆ ನೋಡಿ ನೋಡಿ ಸಾಕಾಗಿದೆ. ಬೆಂಗಳೂರಲ್ಲಿ ಓದ್ತಿರೋ ನನ್ನ ಪಿಯುಸಿ ಫ್ರೆಂಡ್ ಇಲ್ಲಿಗೆ ಬಂದ್ಬಿಡೇ ಅಂತಾಳೆ. ಮೂರನೇ ಸೆಮ್‌ಗೆ ಕಾಲೇಜ್ ಚೇಂಜ್ ಮಾಡ್ಬಹುದಂತೆ, ಇನ್ನು ಒಂದೂವರೆ ತಿಂಗಳಿದೆ. ಬೆಂಗಳೂರಾ, ತುಮಕೂರಾ, ಶಿವಮೊಗ್ಗನಾ, ಹೆಂಗೆ ಆರಿಸ್ಲಿ? (ಹೆಸರು ಬೇಡ, ಚಿತ್ರದುರ್ಗ)

ಉತ್ತರ: ನಿನ್ನ ಪತ್ರ ಓದಿ ಮೊದ್ಲು ನಾನು ಮಾಡಿದ್ದು ಲೆಕ್ಕ. ಏಳಕ್ಕೆ ಹೊರಟು ಆರೂವರೆಗೆ ಮನೆ ಅಂದ್ರೆ ಹನ್ನೊಂದೂವರೆ ಗಂಟೆ ಆಯ್ತು, ಅದ್ರಲ್ಲಿ ಕಾಲೇಜಲ್ಲಿ ಇರೋದು ಎಂಟು ಅಂತ ಇಟ್ಕೋ, ಉಳಿದ ಮೂರೂವರೆ ಗಂಟೆ ಬಸ್ಸು, ಬಸ್ ಸ್ಟ್ಯಾಂಡು, ಆಟೋ. ವಾರಕ್ಕೆ ಆರು ದಿನ, 21 ಗಂಟೆ. ಭರಮಸಾಗರ, ಹೆಬ್ಬಾಳು ಟೋಲು, ಆನಗೋಡು ನಿನ್ಗೆ ಬಾಯಿಪಾಠ ಆಗಿರತ್ತೆ, ಆದ್ರೆ ನಿನ್ನ ಕಾಲೇಜಿನ ಗ್ರೌಂಡಲ್ಲಿ ಸಂಜೆ ಆರಕ್ಕೆ ಏನು ನಡೆಯತ್ತೆ ಅಂದ್ರೆ ಹೇಳ್ತೀಯಾ? ಹೇಳಕ್ಕಾಗಲ್ಲ, ಯಾಕಂದ್ರೆ ಆ ಹೊತ್ತಿಗೆ ನೀನು ಹೈವೇ ಮೇಲೆ ಇರ್ತೀಯ. ದೋಸೆ ಫೋಟೋ ತೆಗ್ದಿರೋದೂ ಅದೇ ಹೊತ್ತಿಗೆ ಅಂತ ನನ್ನ ಅನುಮಾನ, ಸರಿಯಾಗಿ ನೋಡು ಒಂದ್ಸಲ.

ಅವ್ರು ನಿನ್ನ ಬಿಟ್ಟು ಹೋಗ್ತಿದಾರೆ ಅಂತಲ್ಲ ಕಣೆ. ಇವಳು ಬಸ್ಸಿಗೆ ಓಡ್ತಾಳೆ ಅಂತ ಗೊತ್ತಾಗಿ ಕರೆಯೋದನ್ನೇ ಬಿಟ್ಟಿರ್ತಾರೆ. ನಾನೂ ಹಿಂಗೇ ಇದ್ದೆ, ಹರಿಹರದಿಂದ ದಾವಣಗೆರೆಗೆ ರೈಲು, ಹದಿನೈದು ಕಿಲೋಮೀಟರ್ ಕೂಡ ಇಲ್ಲ, ಆದ್ರೂ ಕೊನೇ ಪೀರಿಯಡ್ ಅರ್ಧ ಆಗೋ ಹೊತ್ತಿಗೆ ನನ್ನ ಒಂದು ಕಾಲು ಬೆಂಚಿನಿಂದ ಹೊರಗಿರೋದು. ಫೈನಲ್ ಇಯರ್ ಪರೀಕ್ಷೆ ಅಂತ ಪಿ.ಜೆ. ಬಡಾವಣೆಲಿ ಚಿಕ್ಕಮ್ಮನ ಮನೇಲಿ ಒಂದು ತಿಂಗಳು ಇದ್ದೆ ನೋಡು, ಆಗ್ಲೇ ಗೊತ್ತಾಗಿದ್ದು ನಮ್ ಕ್ಲಾಸಿನ ಹುಡ್ಗೀರು ದಿನಾ ಸಂಜೆ ಮಂಡಕ್ಕಿ ಮಿರ್ಚಿ ಕಟ್ಟಿಸ್ಕೊಂಡು ಲೈಬ್ರರಿ ಹಿಂದಿನ ಕಟ್ಟೆ ಮೇಲೆ ಕೂರ್ತಿದ್ರು ಅಂತ. ಮೂರು ವರ್ಷದಿಂದ! ಒಬ್ಳೂ ಹೇಳಿರ್ಲಿಲ್ಲ. ಕೇಳಿದ್ರೆ, ನೀನು ಯಾವಾಗ ಇದ್ದೆ ಹೇಳೋಕೆ ಅಂದ್ರು.

ಅದಕ್ಕೇ ನನ್ನ ಮಾತು ಕೇಳು, ಕಾಲೇಜ್ ಚೇಂಜ್ ಮಾಡೋಕೆ ಮುಂಚೆ ಒಂದು ತಿಂಗಳು ಮಲಗೋ ಜಾಗ ಚೇಂಜ್ ಮಾಡಿ ನೋಡು. ದಾವಣಗೆರೆಲೇ ವಿದ್ಯಾನಗರದ ಕಡೆನೋ, ಎಂ.ಸಿ.ಸಿ. ಬಡಾವಣೆ ಕಡೆನೋ ಒಂದು ಲೇಡೀಸ್ ಪಿಜಿ, ಇಲ್ಲಾ ಕ್ಲಾಸ್‌ಮೇಟ್ ರೂಮಲ್ಲಿ ಶೇರಿಂಗು. ಆ ಒಂದು ತಿಂಗಳಾದ ಮೇಲೂ ಇದೇ ಬೇಜಾರಿದ್ರೆ ಆಗ ಕಾಲೇಜೇ ಸರಿ ಇಲ್ಲ ಅಂತ ನಾನೂ ಒಪ್ತೀನಿ. ಮನೇಲಿ ಬಸ್ ಫ್ರೀ ಅಂತಾರೆ, ನಿಜ, ಶಕ್ತಿ ಯೋಜನೆ 2023ರ ಜೂನಲ್ಲಿ ಬಂದ್ಮೇಲೆ ಎಷ್ಟೋ ಹುಡ್ಗೀರು ಇದ್ರಿಂದ್ಲೇ ಕಾಲೇಜ್ ಮೆಟ್ಲು ಹತ್ತಿದಾರೆ, ಅದನ್ನ ನಾನು ಕಮ್ಮಿ ಮಾಡಿ ಹೇಳಲ್ಲ, ಆದ್ರೆ ಟಿಕೆಟ್ ಸೊನ್ನೆ ಆಗಿದ್ದಕ್ಕೆ ಆ 21 ಗಂಟೆ ಸೊನ್ನೆ ಆಗಲ್ಲ ಅಲ್ವಾ. ಅಪ್ಪಂಗೆ ಈ ಲೆಕ್ಕ ಹಾಳೆ ಮೇಲೆ ಬರ್ದು ತೋರ್ಸು, ಅತ್ತು ಹೇಳಿದ್ರೆ ಕೇಳಲ್ಲ, ಲೆಕ್ಕ ತೋರ್ಸಿದ್ರೆ ಸ್ವಲ್ಪ ಮೆತ್ತಗಾಗ್ತಾರೆ. ಬಿಸಿಎಂ (ಹಿಂದುಳಿದ ವರ್ಗಗಳ ಇಲಾಖೆ) ಇಲ್ಲಾ ಸಮಾಜ ಕಲ್ಯಾಣ ಇಲಾಖೆ ಹಾಸ್ಟೆಲ್‌ಗೆ ನೀನು ಬರ್ತೀಯಾ ಅಂತಲೂ ವಿಚಾರ್ಸು, ಅರ್ಜಿ ಕರೆಯೋದು ವರ್ಷದ ಶುರುವಲ್ಲಿ.

ಆದ್ರೂ ಹೋಗ್ಲೇಬೇಕು ಅಂದ್ರೆ ಕೇಳು. ವಿಟಿಯು ಒಳಗಡೆ ಕಾಲೇಜ್ ಬದಲಾವಣೆ ಮಧ್ಯದಲ್ಲಿ ಯಾವಾಗಂದ್ರೆ ಆವಾಗ ಆಗೋ ಕೆಲ್ಸ ಅಲ್ಲ, ನಿನ್ಗೆ ಮೂರನೇ ಸೆಮ್ ಶುರುವಾಗೋ ಹೊತ್ತೇ ಸರಿಯಾದ ಹೊತ್ತು. ಹೋಗೋ ಕಡೆ ನಿನ್ನ ಬ್ರಾಂಚಲ್ಲಿ ಸೀಟು ಖಾಲಿ ಇರ್ಬೇಕು, ಎರಡೂ ಕಾಲೇಜಿಂದ ಎನ್‌ಒಸಿ, ಅಂದ್ರೆ ನಮ್ಮ ಅಭ್ಯಂತರ ಇಲ್ಲ ಅನ್ನೋ ಪತ್ರ ಬೇಕು. ಸಿಎಸ್ ಅಂದ್ರೆ ಖಾಲಿ ಸಿಗೋದೇ ಕಷ್ಟ, ಹಂಗಾಗಿ ಮೊದಲ ಫೋನು ಅಡ್ಮಿಷನ್ ಸೆಕ್ಷನ್‌ಗೆ ಮಾಡು, ಖಾಲಿ ಇಲ್ದಿರೋ ಕಾಲೇಜಿನ ಕನಸು ಕಂಡು ಏನ್ ಪ್ರಯೋಜನ. ತುಮಕೂರಿನ ಸಿದ್ಧಗಂಗಾ ತರದ ಆಟೊನಮಸ್ ಕಾಲೇಜಾದ್ರೆ ಸಿಲಬಸ್ ಅವ್ರದೇ, ನೀನು ಓದಿರೋದಕ್ಕೆ ಹೊಂದದೆ ಇರೋ ಸಬ್ಜೆಕ್ಟು ಮತ್ತೆ ಬರೀಬೇಕಾಗ್ಬಹುದು, ಯಾವ್ಯಾವುದು ಅಂತ ಮೊದ್ಲೇ ಬರವಣಿಗೆಲಿ ಇಸ್ಕೋ. ಪ್ರೈವೇಟ್ ಯೂನಿವರ್ಸಿಟಿ ಆದ್ರೆ ಅದು ವಿಟಿಯುನೇ ಅಲ್ಲ, ದಾರಿನೇ ಬೇರೆ. ಸಿಇಟಿ ಫೀಸೇ ಅಲ್ಲೂ ಮುಂದುವರಿಯತ್ತಾ ಅಂತ ಬಾಯಿಬಿಟ್ಟು ಕೇಳು, ನಾಚ್ಕೊಂಡ್ರೆ ಅಪ್ಪನ ಜೇಬಿಗೆ ಕತ್ತರಿ. ಸ್ಕಾಲರ್‌ಶಿಪ್ ಬರ್ತಿದ್ರೆ ಎಸ್‌ಎಸ್‌ಪಿಲಿ (ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್) ಕಾಲೇಜಿನ ಹೆಸ್ರು ಬದಲಾಗ್ಬೇಕು, ಇಲ್ಲಾಂದ್ರೆ ದುಡ್ಡು ಅಲ್ಲೇ ಸಿಕ್ಕಾಕ್ಕೊಳತ್ತೆ.

ಇನ್ನು ಆರಿಸೋದು. ಫೆಸ್ಟ್ ದಿನ ಹೋಗ್ಬೇಡ, ಅವತ್ತು ಎಲ್ಲಾ ಕಾಲೇಜೂ ಮದುವೆ ಮನೆನೇ. ಯಾವುದೋ ಮಂಗಳವಾರ ಹೋಗು, ಮಧ್ಯಾಹ್ನ ಹೋಗಿ ರಾತ್ರಿ ಎಂಟರವರೆಗೂ ಇರು. ಲೈಬ್ರರಿ ಎಷ್ಟಕ್ಕೆ ಬಾಗಿಲು ಹಾಕ್ತಾರೆ, ಲೇಡೀಸ್ ಹಾಸ್ಟೆಲ್ ಗೇಟ್ ಎಷ್ಟಕ್ಕೆ ಬೀಳತ್ತೆ ನೋಡು. ಆರಕ್ಕೇ ಗೇಟ್ ಹಾಕಿದ್ರೆ ಆ ಕ್ಯಾಂಪಸ್ ಲೈಫು ಹುಡುಗರದ್ದು ಮಾತ್ರ. ಆಮೇಲೆ ಡಿಪ್ಲೊಮಾ ಮುಗಿಸಿ ಮೂರನೇ ಸೆಮ್‌ಗೆ ಬಂದ ಲ್ಯಾಟರಲ್ ಎಂಟ್ರಿ ಹುಡ್ಗೀರು ಇರ್ತಾರಲ್ಲ, ಅವ್ರನ್ನ ಹುಡುಕಿ ಮಾತಾಡ್ಸು. ನಿನ್ನಂಗೇ ಗುಂಪುಗಳೆಲ್ಲ ಆಗ್ಲೇ ಕಟ್ಕೊಂಡ ಮೇಲೆ ಬಂದವ್ರು ಅವ್ರು, ಎಷ್ಟು ದಿನ ಒಬ್ಬರೇ ಊಟ ಮಾಡಿದ್ರು ಅಂತ ಅವ್ರೇ ಕರೆಕ್ಟಾಗಿ ಹೇಳೋದು. ನೀನು ಹೋದಾಗ ನಿನ್ ಜೊತೆ ಹೊಸಬರು ಅಂತ ಇರೋರೂ ಅವ್ರೇ.

ಬೆಂಗಳೂರು ಅಂತೀಯಲ್ಲ, ಕಾಲೇಜ್ ಒಂದ್ ಕಡೆ ರೂಮ್ ಒಂದ್ ಕಡೆ ಆಗಿ ದಿನಾ ಎರಡೆರಡು ಗಂಟೆ ಬಿಎಂಟಿಸಿಲಿ ಕೂತ್ರೆ, ದುರ್ಗದ ಬಸ್ಸೇ ಬಣ್ಣ ಬದಲಿಸ್ಕೊಂಡು ಬಂದಂಗೆ. ಮೂರೂರಲ್ಲಿ ಯಾವುದೇ ಇರ್ಲಿ, ನಡ್ಕೊಂಡು ಹೋಗೋಷ್ಟು ದೂರದಲ್ಲಿ ಇರೋಕೆ ಜಾಗ ಸಿಗೋ ಕಾಲೇಜನ್ನ ನಾನು ಮೇಲೆ ಇಡ್ತೀನಿ. ಫ್ರೆಂಡ್ ಇದಾಳೆ ಅನ್ನೋದನ್ನ ಕೊನೇಲಿ ಇಡ್ತೀನಿ, ಅವ್ಳಿಗೆ ಆಗ್ಲೇ ಅವ್ಳ ಗ್ಯಾಂಗ್ ಇರತ್ತೆ.

ಪ್ರಶ್ನೆ: ನಾನು ದಾವಣಗೆರೆ ಹುಡುಗ, ಬೆಂಗಳೂರಲ್ಲಿ ಓದ್ತಿದೀನಿ. ಹಾಸ್ಟೆಲಲ್ಲಿ ಸೀನಿಯರ್ಸ್ ರಾತ್ರಿ ಎಬ್ಬಿಸಿ ಬಟ್ಟೆ ಒಗೆಸ್ತಾರೆ, ಮಾಡಲ್ಲ ಅಂದ್ರೆ ಹೊಡೀತಾರೆ. ಮನೇಲಿ ಹೋಂಸಿಕ್ ಅಂದ್ಕೊಂಡಿದಾರೆ. ಊರ ಕಡೆ ಯಾವ ಕಾಲೇಜಿಗೆ ಬರ್ಲಿ? (ಓದುಗ)

ಉತ್ತರ: ಇದಕ್ಕೆ ಒಂದು ತಿಂಗಳು ಕಾದು ನೋಡು ಅಂತ ಹೇಳಲ್ಲಪ್ಪ. ಇದು ಹೋಂಸಿಕ್ ಅಲ್ಲ, ರ‍್ಯಾಗಿಂಗು, ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡೋ ಯುಜಿಸಿಯ 2009ರ ನಿಯಮದಲ್ಲಿ ಕಾಲೇಜಿಂದ ಹೊರಗೆ ಹಾಕೋವರೆಗೂ ಶಿಕ್ಷೆ ಇದೆ. ಇವತ್ತೇ ಅಪ್ಪ ಅಮ್ಮಂಗೆ ನೀನು ನನಗೆ ಬರೆದ ಸಾಲುಗಳನ್ನ ಇದ್ದಂಗೇ ಓದಿ ಹೇಳು. ರಾಷ್ಟ್ರೀಯ ಆ್ಯಂಟಿ ರ‍್ಯಾಗಿಂಗ್ ಸಹಾಯವಾಣಿ 1800-180-5522, ದುಡ್ಡು ಹೋಗಲ್ಲ. ಏನಾಯ್ತು, ಯಾವ ದಿನ, ಯಾರಿದ್ರು ಅಂತ ಬರ್ದಿಡು, ಏಟಿನ ಗುರುತಿದ್ರೆ ಫೋಟೋ. ರೂಮ್ ಬಿಟ್ಟು ನೆಂಟರ ಮನೆಗೋ ಪಿಜಿಗೋ ಹೋಗು ಮೊದ್ಲು. ಯಾವ ಕಾಲೇಜು ಅನ್ನೋದನ್ನ ಮುಂದಿನ ತಿಂಗಳು ನೆಮ್ಮದಿಯಾಗಿ ಮಾತಾಡೋಣ, ಇನ್ನೊಂದು ಪತ್ರ ಬರಿ. ಓಡಿ ಬಂದೆ ಅಂತ ಯಾರಾದ್ರೂ ಅಂದ್ರೆ ಅನ್ಲಿ.

ಪ್ರಶ್ನೆ: ಮಗನನ್ನ ಬಿಕಾಂಗೆ ಸೇರ್ಸಿ ಹತ್ತು ದಿನ ಆಯ್ತು, ವಾತಾವರಣ ಹಿಡಿಸ್ಲಿಲ್ಲ ಅಂತಾನೆ. ಕಾಲೇಜ್‌ನವ್ರು ಫೀಸೂ ಕೊಡಲ್ಲ, ಒರಿಜಿನಲ್ ಮಾರ್ಕ್ಸ್ ಕಾರ್ಡೂ ಕೊಡಲ್ಲ ಅಂತಿದಾರೆ. ಏನ್ ಮಾಡೋದು? (ತಂದೆ, ಹೊಳಲ್ಕೆರೆ)

ಉತ್ತರ: ಒರಿಜಿನಲ್ ಇಟ್ಕೊಳ್ಳೋ ಹಕ್ಕು ಅವ್ರಿಗಿಲ್ಲ ಸರ್, ಯುಜಿಸಿ 2018ರ ಅಧಿಸೂಚನೆಲೇ ಹೇಳಿದೆ, ನೋಡಿ ಪರಿಶೀಲಿಸಿ ವಾಪಸ್ ಕೊಡ್ಬೇಕು. ಫೀಸಿಗೂ ಅದ್ರಲ್ಲೇ ಲೆಕ್ಕ ಇದೆ. ನೀವು ಸೇರ್ಸಿದ ದಿನ ಮುಖ್ಯ ಅಲ್ಲ, ಅಡ್ಮಿಷನ್‌ಗೆ ಅಂತ ಪ್ರಕಟಿಸಿದ ಕೊನೇ ದಿನಾಂಕ ಮುಖ್ಯ. ಅದಕ್ಕೆ ಹದಿನೈದು ದಿನ ಮುಂಚೆನೇ ಬಿಟ್ರೆ ಪೂರ್ತಿ ವಾಪಸ್ಸು, ಸ್ವಲ್ಪ ಪ್ರೊಸೆಸಿಂಗ್ ಫೀ ಮಾತ್ರ ಹಿಡೀಬಹುದು. ಕೊನೇ ದಿನಕ್ಕೆ ಹದಿನೈದು ದಿನಕ್ಕಿಂತ ಕಮ್ಮಿ ಉಳಿದಿರುವಾಗ ಬಿಟ್ರೆ ಶೇ. 90. ಕೊನೇ ದಿನ ದಾಟಿ ಹದಿನೈದು ದಿನದೊಳಗೆ ಶೇ. 80, ಮೂವತ್ತರೊಳಗೆ ಶೇ. 50, ಆಮೇಲೆ ಏನೂ ಇಲ್ಲ. ಇದಲ್ದೆ ಕೆಲವು ವರ್ಷ ಯುಜಿಸಿ ಇನ್ನೂ ಸಡಿಲ ಮಾಡಿ ಸುತ್ತೋಲೆ ಹೊರಡ್ಸತ್ತೆ, 2024-25ರಲ್ಲಿ ಸೆಪ್ಟೆಂಬರ್ 30ರವರೆಗೂ ಪೂರ್ತಿ ಫೀಸ್ ವಾಪಸ್ ಅಂದಿತ್ತು, ಈ ವರ್ಷದ್ದನ್ನೂ ನೋಡ್ಕೊಳ್ಳಿ. ಕೌಂಟರಲ್ಲಿ ಜಗಳ ಆಡ್ಬೇಡಿ, ಪ್ರಿನ್ಸಿಪಾಲರ ಹೆಸ್ರಿಗೆ ಅರ್ಜಿ ಬರ್ದು ಇವತ್ತೇ ಕೊಡಿ, ದಿನಾಂಕ ಹಾಕಿ ಸೀಲು ಹೊಡೆದ ಕಾಪಿ ಒಂದು ನಿಮ್ಮ ಹತ್ರ ಇರ್ಲಿ.