ಟ್ರ್ಯಾಕ್‌ಗೆ ಹೋಗೋ ಸ್ವಿಫ್ಟ್‌ಗೆ ಯಾವ ಅಡ್ಜಸ್ಟಬಲ್ ಸಸ್ಪೆನ್ಷನ್ ಹಾಕಿಸಬೇಕು, ಹೇಗೆ ಸೆಟ್ ಮಾಡಬೇಕು?

ನೀವು ಕೊಟ್ಟಿರೋ ವಿವರ ಇಷ್ಟು: ಎರಡನೇ ತಲೆಮಾರಿನ ಪೆಟ್ರೋಲ್ ಸ್ವಿಫ್ಟ್, ಬೆಂಗಳೂರಿಂದ ಓಡಿಸಿಕೊಂಡೇ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೆ, ಆಗೀಗ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೆ ಟ್ರ್ಯಾಕ್‌ಗೆ ಹೋಗ್ತೀರಿ. 30 ಕ್ಲಿಕ್ಕಿನ (ಶಾಕ್‌ನ ಬಿಗಿತ ಬದಲಿಸೋ ಗುಂಡಿಯಲ್ಲಿ 30 ಹಂತ ಇರೋ) ಕಾಯ್ಲೋವರ್, ಅಂದ್ರೆ ಎತ್ತರ ಬದಲಿಸಬಹುದಾದ ಸ್ಪ್ರಿಂಗ್-ಶಾಕ್ ಸೆಟ್ಟು, ಸಾಕಾ, ಇಲ್ಲ ದುಡ್ಡು ಹಾಕಿ ಟೂ-ವೇ (ಶಾಕ್ ಒಳಗೆ ಹೋಗೋ, ಹೊರಗೆ ಬರೋ ಬಿಗಿತವನ್ನ ಬೇರೆಬೇರೆ ಹೊಂದಿಸೋದು) ತಗೋಬೇಕಾ, ಎಷ್ಟು ತಗ್ಗಿಸಬೇಕು, ಕ್ಲಿಕ್ ಎಷ್ಟರಲ್ಲಿ ಇಡಬೇಕು, ಕಾನೂನು ಏನನ್ನುತ್ತೆ ಅನ್ನೋದು ಪ್ರಶ್ನೆ. ನಾನೂ ಅದೇ ಗಾಡೀನ ಅದೇ ಎರಡು ಟ್ರ್ಯಾಕ್‌ಗಳಲ್ಲಿ ಓಡಿಸ್ತೀನಿ, ಸ್ನೇಹಿತರ ಗಾಡಿಗಳಿಗೂ ಸ್ಪ್ಯಾನರ್ ಹಿಡೀತೀನಿ. ನನ್ನ ಪ್ರಕಾರ ಕ್ಲಿಕ್ಕು ಕಟ್ಟಕಡೆಯ ಕೆಲಸ. ಸ್ಪ್ರಿಂಗ್ ಎಷ್ಟು ಗಟ್ಟಿ, ಶಾಕ್‌ಗೆ ಕೆಳಗೆ-ಮೇಲೆ ಆಡೋಕೆ ಎಷ್ಟು ಜಾಗ ಉಳಿದಿದೆ, ಮುಂದಿನ ಚಕ್ರದ ಕ್ಯಾಂಬರ್ (ಗಾಡಿ ಮುಂದೆ ನಿಂತು ನೋಡಿದಾಗ ಚಕ್ರ ಒಳಗೆ ಅಥವಾ ಹೊರಗೆ ವಾಲಿರೋ ಕೋನ) ಎಷ್ಟು: ಈ ಮೂರು ಸರಿ ಇದ್ರೆ ಕ್ಲಿಕ್ ನಡುಮಧ್ಯ ಇಟ್ಟರೂ ಗಾಡಿ ಚೆನ್ನಾಗಿ ಹೋಗುತ್ತೆ. ಮೂರೂ ತಪ್ಪಿದ್ರೆ 30 ಅಲ್ಲ, 60 ಕ್ಲಿಕ್ ಇದ್ದರೂ ಪ್ರಯೋಜನ ಇಲ್ಲ.

ಇನ್ನೊಂದು ಮಾತು. ಗಾಡಿಯಲ್ಲಿ ಈಗಲೂ ಕಂಪನಿ ಬ್ರೇಕ್ ಪ್ಯಾಡು, ಹಳೇ ಬ್ರೇಕ್ ಆಯಿಲ್, ಮೈಲೇಜ್ ಟೈರು ಇದ್ರೆ ಮೊದಲ ದುಡ್ಡು ಅಲ್ಲಿಗೆ ಹೋಗಲಿ. ಅದಾಗಿದೆ ಅಂದ್ಕೊಂಡು ಮುಂದಿನದು ಬರೀತಿದೀನಿ.

ಸ್ಪ್ರಿಂಗ್‌ನಿಂದ ಶುರು ಮಾಡೋಣ. ಇದನ್ನ ಯಾರನ್ನೂ ಕೇಳಬೇಕಿಲ್ಲ, ಕೂತು ಲೆಕ್ಕ ಹಾಕಬಹುದು. ಗಾಡಿ ಸುಮಾರು 960 ಕೆಜಿ, ನೀವು 75 ಕೆಜಿ ಅಂದ್ರೆ 1,035. ಮುಂದಿನ ಆಕ್ಸಲ್ ಮೇಲೆ ಸುಮಾರು ಶೇ. 60, ಅಂದ್ರೆ ಒಂದೊಂದು ಮುಂಚಕ್ರದ ಮೇಲೆ 310 ಕೆಜಿ. ಅದರಲ್ಲಿ ಚಕ್ರ, ಬ್ರೇಕು, ಹಬ್ಬು ಸ್ಪ್ರಿಂಗ್ ಮೇಲೆ ಕೂರಲ್ಲ. ಆ 30 ಕೆಜಿ ಕಳೆದ್ರೆ ಉಳಿದದ್ದು 280. ಈಗ ಸ್ಪ್ರಿಂಗ್ ರೇಟನ್ನ (ಒಂದು ಮಿಲಿಮೀಟರ್ ಒತ್ತೋಕೆ ಎಷ್ಟು ಕೆಜಿ ಬೇಕು ಅನ್ನೋದನ್ನ) ಈ ಭಾರದಿಂದ ಭಾಗಿಸಿ, ವರ್ಗಮೂಲ ತೆಗೆದು 15.8ರಿಂದ ಗುಣಿಸಿ. ಬರೋದು ಹರ್ಟ್ಜ್, ಗಾಡಿ ಸೆಕೆಂಡಿಗೆ ಎಷ್ಟು ಸಲ ಕುಣಿಯುತ್ತೆ ಅನ್ನೋ ಲೆಕ್ಕ. ಮನೆಮಂದಿ ಓಡಾಡೋ ಕಾರು ಸಾಮಾನ್ಯವಾಗಿ 1.2ರಿಂದ 1.5ರ ಒಳಗೆ ಇರುತ್ತೆ. ರೋಡಲ್ಲೂ ಓಡೋ, ರೋಡ್ ಟೈರಿನ ಟ್ರ್ಯಾಕ್ ಗಾಡಿಗೆ 1.8ರಿಂದ 2.2 ಒಳ್ಳೇ ಜಾಗ.

ಮುಂದೆ 2 ಹರ್ಟ್ಜ್ ಬೇಕು ಅಂದ್ರೆ ಚಕ್ರದ ಹತ್ತಿರ 4.5 ಕೆಜಿ ಆಗಬೇಕು. ಮುಂದಿನ ಸ್ಟ್ರಟ್ಟು (ಸ್ಪ್ರಿಂಗ್, ಶಾಕ್ ಸೇರಿದ ಕಂಬ) ಸ್ವಲ್ಪ ಓರೆಯಾಗಿ ನಿಲ್ಲೋದ್ರಿಂದ ಸ್ಪ್ರಿಂಗ್‌ನ ಗಟ್ಟಿತನದಲ್ಲಿ ಶೇ. 90ರಷ್ಟೇ ಚಕ್ರಕ್ಕೆ ತಲುಪುತ್ತೆ ಅಂತಿಟ್ಟುಕೊಳ್ಳಿ. ಹಾಗಾಗಿ 5 ಕೆಜಿ ಸ್ಪ್ರಿಂಗ್. ಅಂಗಡಿಯಲ್ಲಿ "ಟ್ರ್ಯಾಕ್‌ಗೆ ಅಂದ್ರೆ 8 ಕೆಜಿ ಹಾಕ್ಸಿ ಸಾರ್" ಅಂತಾರೆ. ಅದೇ ಲೆಕ್ಕಕ್ಕೆ ಹಾಕಿ ನೋಡಿ, 2.5 ಹರ್ಟ್ಜ್ ದಾಟುತ್ತೆ. ಅದು ಸ್ಲಿಕ್ ಟೈರು ಹಾಕಿ, ಟ್ರೇಲರ್ ಮೇಲೆ ಟ್ರ್ಯಾಕ್‌ಗೆ ಬರೋ ಗಾಡಿಯ ರೇಟು. ನಿಮ್ಮ ಟೈರು ಆ ಹಿಡಿತ ಕೊಡಲ್ಲ, ಸಣ್ಣ ಉಬ್ಬಿಗೂ ಚಕ್ರ ನೆಲ ಬಿಟ್ಟು ಹಾರುತ್ತೆ.

ಹಿಂದೆ ಇರೋದು ಟಾರ್ಷನ್ ಬೀಮ್, ಅಂದ್ರೆ ಎರಡೂ ಹಿಂಚಕ್ರಗಳನ್ನ ಕೂಡಿಸೋ, ತಿರುಚಿಕೊಳ್ಳೋ ಒಂದೇ ತೊಲೆ. ಅಲ್ಲಿ ಸ್ಪ್ರಿಂಗ್ ಬೇರೆ, ಶಾಕ್ ಬೇರೆ. ಸ್ಪ್ರಿಂಗ್ ಚಕ್ರಕ್ಕಿಂತ ಒಳಗೆ ಕೂತಿರೋದ್ರಿಂದ ಚಕ್ರ 10 ಮಿ.ಮೀ. ಮೇಲೆ ಬಂದ್ರೆ ಸ್ಪ್ರಿಂಗ್ ಅಷ್ಟು ಒತ್ತಿಕೊಳ್ಳಲ್ಲ. 8 ಮಿ.ಮೀ. ಒತ್ತಿಕೊಳ್ಳುತ್ತೆ ಅಂದ್ರೆ 0.8ರ ವರ್ಗ 0.64, ಸ್ಪ್ರಿಂಗ್‌ನ ಮೂರರಲ್ಲಿ ಎರಡು ಪಾಲು ಮಾತ್ರ ಚಕ್ರಕ್ಕೆ. ಇದನ್ನ ಊಹೆ ಮಾಡಬೇಡಿ, ಸ್ಪ್ರಿಂಗ್ ತೆಗೆದಿದ್ದಾಗ ಜಾಕ್‌ನಿಂದ ಚಕ್ರ 50 ಮಿ.ಮೀ. ಎತ್ತಿ, ಸ್ಪ್ರಿಂಗ್ ಕೂರೋ ಬಟ್ಟಲು ಎಷ್ಟು ಮೇಲೆ ಬಂತು ಅಂತ ಅಳೆದುಕೊಳ್ಳಿ. ಮುಂದಿನ ಚಕ್ರ ಎಳೆಯೋ ಗಾಡಿಗೆ ಹಿಂದುಗಡೆ ಮುಂದಿಗಿಂತ ಕೊಂಚ ಜಾಸ್ತಿ ಹರ್ಟ್ಜ್ ಇದ್ರೆ ತಿರುವಲ್ಲಿ ಮೂತಿ ಒಳಗೆ ಬರುತ್ತೆ, ಒಳಗಿನ ಹಿಂಚಕ್ರ ನೆಲ ಬಿಟ್ಟು ಎದ್ದು ನಿಲ್ಲುತ್ತೆ. ಫೋಟೋದಲ್ಲಿ ನೋಡಿ ಗಾಬರಿ ಬೇಡ, ಈ ಗಾಡಿಗೆ ಅದು ಆರೋಗ್ಯದ ಲಕ್ಷಣ. ಮಳೆ ಬಿದ್ದ ದಿನ ಮಾತ್ರ ತಿರುವಿನ ಮಧ್ಯೆ ಆಕ್ಸಿಲರೇಟರ್ ಥಟ್ಟನೆ ಬಿಡಬೇಡಿ, ಹಿಂದುಗಡೆ ಸುತ್ತಿಬಿಡುತ್ತೆ.

ಇನ್ನು ಯಾವುದು ತಗೊಳ್ಳೋದು. ತೈವಾನಿನ ಬಿ.ಸಿ. ರೇಸಿಂಗ್ (BC Racing) ಕಂಪನಿಯವರ ಬಿಆರ್ ಸರಣಿಯಂಥದ್ದರಲ್ಲಿ 30 ಹಂತ ಇದೆ, ಆದ್ರೆ ಒಂದೇ ಗುಂಡಿ ಕಂಪ್ರೆಷನ್ನನ್ನೂ (ಶಾಕ್ ಒಳಗೆ ಹೋಗುವಾಗಿನ ತಡೆ) ರೀಬೌಂಡನ್ನೂ (ಹೊರಗೆ ಬರುವಾಗಿನ ತಡೆ) ಒಟ್ಟಿಗೆ ತಿರುಗಿಸುತ್ತೆ. ಜರ್ಮನಿಯ ಕೆಡಬ್ಲ್ಯೂ ವೇರಿಯಂಟ್ 3ರಲ್ಲಿ ಎರಡೂ ಬೇರೆಬೇರೆ. ಬಿಲ್‌ಸ್ಟೀನ್ ಬಿ14ರಲ್ಲಿ ಎತ್ತರ ಮಾತ್ರ ಬದಲಾಗುತ್ತೆ, ಡ್ಯಾಂಪಿಂಗ್‌ಗೆ (ಈ ತಡೆಗೆ) ಗುಂಡಿಯೇ ಇಲ್ಲ. ಹಾಗಂತ ಅದು ಕೀಳೇನಲ್ಲ, ಸ್ಪ್ರಿಂಗ್‌ಗೆ ತಕ್ಕ ವಾಲ್ವಿಂಗ್ (ಶಾಕ್‌ನ ಎಣ್ಣೆಯ ಹರಿವನ್ನ ತಡೆಯೋ ವ್ಯವಸ್ಥೆ) ಒಳಗೇ ಮಾಡಿ ಕೊಟ್ಟಿರ್ತಾರೆ. ಟೂ-ವೇ ಬೇಕಾಗೋದು ಲ್ಯಾಪ್ ಟೈಮ್ ಬರೆದಿಟ್ಟುಕೊಂಡು, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ನೋಡೋ ತಾಳ್ಮೆ ಇರೋರಿಗೆ. ಇಲ್ಲದಿದ್ರೆ ತಪ್ಪಾಗಿ ಸೆಟ್ ಮಾಡೋಕೆ ಇನ್ನೆರಡು ದಾರಿ ಸಿಕ್ಕ ಹಾಗೆ, ಅಷ್ಟೆ. ನಿಮಗೆ ಒಂದೇ ಗುಂಡಿಯದು ಸಾಕು. ಉಳಿದ ದುಡ್ಡಲ್ಲಿ ಇನ್ನೊಂದು ಜೊತೆ ಟೈರು ಬರುತ್ತೆ.

ಮಾರೋರನ್ನ ಕೇಳಬೇಕಾದ್ದು ಬೇರೆ ಇದೆ. ಸೀಲ್ ಹೋದ್ರೆ ರೀಬಿಲ್ಡ್ ಇಲ್ಲೇ ಆಗುತ್ತಾ, ಹೊರದೇಶಕ್ಕೆ ಕಳಿಸಬೇಕಾ? ನಾನು ಕೇಳೋ ಸ್ಪ್ರಿಂಗ್ ರೇಟು ಹಾಕಿ, ಅದಕ್ಕೆ ತಕ್ಕ ವಾಲ್ವಿಂಗ್ ಮಾಡಿಕೊಡ್ತೀರಾ? ಶಾಕ್‌ನ ಉದ್ದ ಕೆಳಗಿನ ಬ್ರ್ಯಾಕೆಟ್‌ನಿಂದ ಬದಲಾಗುತ್ತಾ, ಇಲ್ಲ ಸ್ಪ್ರಿಂಗ್ ತಟ್ಟೆ ಮಾತ್ರ ಮೇಲೆ-ಕೆಳಗೆ ಆಗುತ್ತಾ? ಈ ಕೊನೆಯದು ಮುಖ್ಯ. ತಟ್ಟೆ ಮಾತ್ರ ತಿರುಗೋ ಕಿಟ್‌ನಲ್ಲಿ ಗಾಡಿ ತಗ್ಗಿಸಿದಷ್ಟೂ ಶಾಕ್‌ನ ರಾಡು ಒಳಗೆ ಹೋಗಿ ಕೂರುತ್ತೆ, ಬಂಪ್ ಸ್ಟಾಪ್‌ಗೆ (ಶಾಕ್ ಪೂರ್ತಿ ಒಳಗೆ ಹೋಗದಂತೆ ತಡೆಯೋ ಮುದ್ದೆಗೆ) ಹತ್ತಿರ ಆಗುತ್ತೆ. ಬ್ರ್ಯಾಕೆಟ್ ತಿರುಗೋದರಲ್ಲಿ ಎತ್ತರ ಬದಲಿಸಿದ್ರೂ ಶಾಕ್‌ನ ಆಟ ಹಾಗೇ ಉಳಿಯುತ್ತೆ. ತಟ್ಟೆ ಬಿಗಿ ಮಾಡಿದ್ರೆ ಸ್ಪ್ರಿಂಗ್ ಗಟ್ಟಿ ಆಗುತ್ತೆ ಅಂತ ಎಷ್ಟೋ ಜನ ನಂಬಿದಾರೆ. ಒಂದೇ ರೇಟಿನ ಸ್ಪ್ರಿಂಗ್ ಅನ್ನ ಎಷ್ಟೇ ಬಿಗಿ ಮಾಡಿ, 5 ಕೆಜಿಯದು 5 ಕೆಜಿಯೇ. ಸ್ಪ್ರಿಂಗ್ ಅಲುಗಾಡದಷ್ಟು, ಎರಡು-ಮೂರು ಮಿ.ಮೀ. ಬಿಗಿ ಇದ್ರೆ ಸಾಕು.

ಎತ್ತರದ ವಿಷಯದಲ್ಲಿ ನಾನು ಹಠಮಾರಿ: 25ರಿಂದ 30 ಮಿ.ಮೀ., ಅದಕ್ಕಿಂತ ಕೆಳಗೆ ಬೇಡ. ಕಂಪನಿ ಕೊಟ್ಟಿರೋ ಗ್ರೌಂಡ್ ಕ್ಲಿಯರೆನ್ಸ್ 170, ಅದರಲ್ಲಿ 140 ಉಳಿದ್ರೆ ನಿಮ್ಮ ಏರಿಯಾ ಹಂಪು ಹೇಗೋ ದಾಟಬಹುದು. ಆದ್ರೆ ಅಸಲಿ ಕಾರಣ ಹಂಪಲ್ಲ. ಗಾಡಿ ನೆಲದ ಮೇಲೆ ನಿಂತಿದ್ದಾಗ ಬಗ್ಗಿ ಮುಂದಿನ ಲೋವರ್ ಆರ್ಮ್ ನೋಡಿ. ಒಳಗಿನ ಬುಷ್‌ಗಿಂತ ಹೊರಗಿನ ಬಾಲ್ ಜಾಯಿಂಟ್ ಕೊಂಚ ಕೆಳಗೆ ಅಥವಾ ಸಮ ಇರಬೇಕು. ಬಾಲ್ ಜಾಯಿಂಟೇ ಮೇಲಾಯ್ತು ಅಂದ್ರೆ ರೋಲ್ ಸೆಂಟರ್ (ಗಾಡಿ ಯಾವ ಬಿಂದುವಿನ ಸುತ್ತ ವಾಲುತ್ತೋ ಅದು) ಗಾಡಿಯ ಭಾರಕೇಂದ್ರಕ್ಕಿಂತ ಬೇಗ ಕೆಳಗಿಳಿದಿದೆ ಅಂತ ಅರ್ಥ. ಆಗ ತಗ್ಗಿದ ಗಾಡಿಯೇ ಹೆಚ್ಚು ವಾಲುತ್ತೆ, ವಾಲಿದಾಗ ಕ್ಯಾಂಬರ್ ಕೂಡ ಕೈಕೊಡುತ್ತೆ. ನೋಡೋಕೆ ರೇಸ್ ಕಾರು, ಓಡಿಸೋಕೆ ಕಂಪನಿ ಗಾಡಿಗಿಂತ ಕಡೆ.

ಫಿಟ್ಟಿಂಗ್ ದಿನ ನೀವೇ ಗ್ಯಾರೇಜಲ್ಲಿ ನಿಂತಿರಿ. ಹಳೇದು ಬಿಚ್ಚೋ ಮುಂಚೆ ಹಬ್‌ನ ನಡುವಿಂದ ಫೆಂಡರ್ ಅಂಚಿಗೆ ನಾಲ್ಕೂ ಕಡೆ ಅಳೆದು ಬರೆದುಕೊಳ್ಳಿ. ಮರೆಯಬಾರದ್ದು ಒಂದೇ: ಲೋವರ್ ಆರ್ಮ್‌ನ, ಹಿಂದಿನ ಬೀಮ್‌ನ ಬುಷ್ ಬೋಲ್ಟ್‌ಗಳನ್ನ ಸಡಿಲ ಮಾಡಿದ್ರೆ, ಕೊನೆಯ ಟೈಟು ಗಾಡಿ ನೆಲದ ಮೇಲೆ ನಿಂತ ಮೇಲೇ ಆಗಬೇಕು. ಲಿಫ್ಟಲ್ಲಿ ಚಕ್ರ ಜೋತುಬಿದ್ದಿರುವಾಗ ಬಿಗಿ ಮಾಡಿದ್ರೆ ಗಾಡಿ ಇಳಿದ ಮೇಲೆ ರಬ್ಬರು ಸದಾ ತಿರುಚಿಕೊಂಡೇ ಇರುತ್ತೆ, ಎತ್ತರ ಸುಳ್ಳು ಹೇಳುತ್ತೆ, ಬುಷ್ ಬೇಗ ಹರಿಯುತ್ತೆ. ಥ್ರೆಡ್‌ಗೆ ಆಂಟಿ-ಸೀಝ್ ಹಚ್ಚಿಸಿ, ಇಲ್ಲದಿದ್ರೆ ಒಂದು ಮಳೆಗಾಲ ಕಳೆಯೋದ್ರಲ್ಲಿ ರಿಂಗು ಕಚ್ಚಿಕೊಳ್ಳುತ್ತೆ.

ಸಾಧ್ಯ ಆದ್ರೆ ಕಾರ್ನರ್ ವೇಟ್ ಮಾಡಿಸಿ, ಅಂದ್ರೆ ಒಂದೊಂದು ಚಕ್ರದ ಮೇಲೆ ಬೀಳೋ ಭಾರವನ್ನ ಬೇರೆಬೇರೆ ತೂಗಿ ಸರಿಹೊಂದಿಸೋದು. ಕುಂಟೋ ಮೇಜಿನ ಭಾರವೆಲ್ಲ ಕರ್ಣದ ಎರಡು ಕಾಲಿನ ಮೇಲೆ ಬೀಳುತ್ತಲ್ಲ, ಹಾಗೇ ಇದು. ಟೈರಲ್ಲಿ ಗಾಳಿ ಸರಿ ಮಾಡಿ, ಅರ್ಧ ಟ್ಯಾಂಕ್ ಪೆಟ್ರೋಲ್ ಇಟ್ಟು, ನೀವು ಸೀಟಲ್ಲಿ ಕೂತು, ಆಂಟಿ-ರೋಲ್ ಬಾರ್‌ನ (ವಾಲೋದನ್ನ ತಡೆಯೋಕೆ ಎಡ-ಬಲ ಜೋಡಿಸಿರೋ ಸರಳಿನ) ಲಿಂಕ್ ಬಿಚ್ಚಿಸಿ ತೂಗಬೇಕು. ಉದಾಹರಣೆಗೆ ಮುಂದೆ ಬಲ 330, ಎಡ 296, ಹಿಂದೆ ಬಲ 204, ಎಡ 205 ಬಂತು ಅನ್ನಿ. ಮುಂದಿನ ಬಲ, ಹಿಂದಿನ ಎಡ ಸೇರಿಸಿದ್ರೆ 535, ಒಟ್ಟು 1,035ರಲ್ಲಿ ಶೇ. 51.7. ಮುಂದಿನ ಬಲದ ತಟ್ಟೆ ಒಂದೆರಡು ಸುತ್ತು ಇಳಿಸಿ ಮತ್ತೆ ತೂಗಿ, ಶೇ. 50ರ ಆಸುಪಾಸು ಬರೋವರೆಗೆ. ಇದು ಸರಿ ಇಲ್ಲದ ಗಾಡಿ ಬಲಕ್ಕೆ ಒಂಥರಾ, ಎಡಕ್ಕೆ ಇನ್ನೊಂಥರಾ ತಿರುಗುತ್ತೆ, ಜನ ಕ್ಲಿಕ್ ತಿರುಗಿಸ್ತಾ ಕೂತ್ಕೋತಾರೆ.

ಆಮೇಲೆ ಅಲೈನ್‌ಮೆಂಟ್. ಮೊದಲು ಕ್ಯಾಂಬರ್, ನಂತರ ಟೋ (ಮೇಲಿಂದ ನೋಡಿದಾಗ ಚಕ್ರದ ಮುಂಭಾಗ ಒಳಗೆ ಅಥವಾ ಹೊರಗೆ ತಿರುಗಿರೋದು), ಯಾಕಂದ್ರೆ ಕ್ಯಾಂಬರ್ ಮುಟ್ಟಿದ್ರೆ ಟೋ ತಾನಾಗೇ ಬದಲಾಗುತ್ತೆ. ಸ್ವಿಫ್ಟಲ್ಲಿ ಸ್ಟ್ರಟ್ಟು ನಕಲ್‌ಗೆ (ಚಕ್ರದ ಹಬ್ಬು ಕೂರೋ ತುಂಡಿಗೆ) ಎರಡು ಬೋಲ್ಟಲ್ಲಿ ಕೂರೋದ್ರಿಂದ ಕ್ಯಾಂಬರ್ ಬೋಲ್ಟ್ ಹಾಕಬಹುದು, ಕಿಟ್ ಜೊತೆ ಅಡ್ಜಸ್ಟ್ ಆಗೋ ಟಾಪ್ ಮೌಂಟ್ ಬಂದ್ರೆ ಇನ್ನೂ ಸಲೀಸು. ಮುಂದೆ ಮೈನಸ್ 2.5 ಡಿಗ್ರಿಯಿಂದ (ಮೈನಸ್ ಅಂದ್ರೆ ಚಕ್ರದ ಮೇಲ್ತುದಿ ಒಳಗೆ) ಶುರು ಮಾಡಿ, ಟೋ ಸೊನ್ನೆ. "ಟೈರ್ ಒಳಗೆ ಸವೆಯುತ್ತೆ ಸಾರ್" ಅಂತ ಅಲೈನ್‌ಮೆಂಟ್ ಹುಡುಗ ಖಂಡಿತ ಹೇಳ್ತಾನೆ. ಟೈರನ್ನ ಬೇಗ ತಿನ್ನೋದು ಕ್ಯಾಂಬರ್‌ಗಿಂತ ತಪ್ಪು ಟೋ. ಅದನ್ನ ಸೊನ್ನೆಗೆ ತಂದು ಕೊಡು ಅನ್ನಿ. ಹಿಂದೆ ಬೀಮ್ ಆದ್ದರಿಂದ ಶಿಮ್ (ತೆಳು ಲೋಹದ ಬಿಲ್ಲೆ) ಹಾಕದೆ ಏನೂ ಬದಲಾಗಲ್ಲ, ಸದ್ಯಕ್ಕೆ ಬಿಟ್ಟುಬಿಡಿ.

ಟ್ರ್ಯಾಕಲ್ಲಿ ಮಾಡೋದು ಇಷ್ಟು. ಶಾಕ್‌ನ ರಾಡಿಗೆ, ಡಸ್ಟ್ ಕವರ್ ಮೇಲೆತ್ತಿ, ಒಂದು ಸಣ್ಣ ಕೇಬಲ್ ಟೈ ಕಟ್ಟಿ ಶಾಕ್‌ನ ಬಾಡಿವರೆಗೂ ಇಳಿಸಿಡಿ. ಸೆಷನ್ ಮುಗಿಸಿ ಬಂದಾಗ ಅದು ಎಲ್ಲಿ ನಿಂತಿದೆ ನೋಡಿದ್ರೆ ಶಾಕ್ ಎಷ್ಟು ಒಳಗೆ ಹೋಗಿತ್ತು ಅಂತ ಗೊತ್ತಾಗುತ್ತೆ. ಬಂಪ್ ಸ್ಟಾಪ್‌ಗೆ ಒತ್ತಿಕೊಂಡಿದ್ರೆ ತಿರುವಿನ ಮಧ್ಯದಲ್ಲಿ ಇದ್ದಕ್ಕಿದ್ದಂತೆ ಮೂತಿ ಹೊರಗೆ ಜಾರೋಕೆ ಕಾರಣ ಅದೇ. ಗಾಡಿ ಎತ್ತರಿಸಿ ಅಥವಾ ಸ್ಪ್ರಿಂಗ್ ಗಟ್ಟಿ ಮಾಡಿ. ಪಿಟ್‌ಗೆ ಬಂದ ಕೂಡಲೇ ಟೈರಿನ ಒಳ, ನಡು, ಹೊರ ಮೂರು ಕಡೆ ಬಿಸಿ ಅಳೀರಿ. ಸೂಜಿ ಚುಚ್ಚೋ ಮೀಟರ್ ಆಗಬೇಕು, ಲೇಸರ್ ಗನ್ ಮೇಲ್ಮೈ ಮಾತ್ರ ನೋಡುತ್ತೆ, ಅದು ಪಿಟ್ ಲೇನಲ್ಲೇ ಆರಿಹೋಗಿರುತ್ತೆ. ಒಳಭಾಗ ಹೊರಗಿಗಿಂತ 5ರಿಂದ 8 ಡಿಗ್ರಿ ಬಿಸಿ ಇದ್ರೆ ಸರಿ. ಹೊರಗೇ ಜಾಸ್ತಿ ಬಿಸಿ ಅಂದ್ರೆ ಕ್ಯಾಂಬರ್ ಸಾಲದು. ನಡು ಬಿಸಿ ಅಂದ್ರೆ ಗಾಳಿ ಜಾಸ್ತಿ. ಬಿಸಿಯಾದ ಮೇಲೆ 32ರಿಂದ 34 ಪಿಎಸ್‌ಐ ಸಿಗೋ ಹಾಗೆ ಬೆಳಿಗ್ಗೆ ಕಮ್ಮಿ ಹಾಕ್ಕೊಂಡು ಹೋಗಿ.

ಈಗ ಕ್ಲಿಕ್ಕು. ಪೂರ್ತಿ ಗಟ್ಟಿ ತುದಿವರೆಗೆ ಮೆಲ್ಲಗೆ ತಿರುಗಿಸಿ (ಒತ್ತಿ ಬಿಗಿ ಮಾಡಬೇಡಿ, ಶಾಕ್ ಒಳಗಿನ ಸೂಜಿ ಹಾಳಾಗುತ್ತೆ), ಅಲ್ಲಿಂದ ಹಿಂದಕ್ಕೆ ಎಣಿಸಿ 15ರಲ್ಲಿ ನಿಲ್ಲಿಸಿ, ಎಡ-ಬಲ ಒಂದೇ. ಒಂದು ಸೆಷನ್‌ಗೆ ಮುಂದೆ ಅಥವಾ ಹಿಂದೆ, ಒಂದೇ ಆಕ್ಸಲ್ಲು, ನಾಲ್ಕು ಕ್ಲಿಕ್. ಒಂದೊಂದು ಕ್ಲಿಕ್ಕಿನ ವ್ಯತ್ಯಾಸ ನಿಮಗೂ ಗೊತ್ತಾಗಲ್ಲ, ನನಗೂ ಗೊತ್ತಾಗಲ್ಲ. ಡ್ಯಾಂಪಿಂಗ್ ಕೆಲಸ ಮಾಡೋದು ಗಾಡಿ ವಾಲ್ತಾ ಇರುವಾಗ, ಅಂದ್ರೆ ಬ್ರೇಕ್ ಬಿಟ್ಟು ಸ್ಟೀರಿಂಗ್ ತಿರುಗಿಸೋ ಹೊತ್ತು, ಎಡದಿಂದ ಬಲಕ್ಕೆ ಬದಲಿಸೋ ಹೊತ್ತು. ವಾಲಿ ನಿಂತ ಮೇಲೆ ಉದ್ದ ತಿರುವಲ್ಲಿ ಮೂತಿ ಜಾರ್ತಿದ್ರೆ ಕ್ಲಿಕ್ ಏನೂ ಮಾಡಲ್ಲ, ಅದು ಕ್ಯಾಂಬರ್, ಗಾಳಿ, ಹಿಂದಿನ ಸ್ಪ್ರಿಂಗ್‌ನ ಮಾತು. ಕರಿ 2 ಕಿ.ಮೀ. ಆಸುಪಾಸಿನ ಟ್ರ್ಯಾಕು, ಬೇಗ ಬೇಗ ಸುತ್ತು ಬರುತ್ತೆ, ಹಾಗಾಗಿ ಈ ಕೆಲಸಕ್ಕೆ ಅದೇ ಒಳ್ಳೇದು. ಅಲ್ಲಿ ಸೆಟ್ ಮಾಡಿದ್ದನ್ನ 3.7 ಕಿ.ಮೀ. ಇರೋ ಇರುಂಗಾಟ್ಟುಕೋಟೆಗೆ ಒಯ್ದು, ವೇಗದ ತಿರುವಲ್ಲಿ ಹಿಂದುಗಡೆ ಅಳುಕಿದ್ರೆ ಹಿಂದೆ ಎರಡು-ಮೂರು ಕ್ಲಿಕ್ ಮೃದು ಮಾಡ್ಕೊಳ್ಳಿ.

ಕಾನೂನು ಕೇಳಿದ್ರಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಮೂಲ ರೂಪ ಬದಲಿಸೋದಕ್ಕೆ ಅಡ್ಡ ಬರುತ್ತೆ, ಕ್ಲೇಮ್ ಹೊತ್ತಲ್ಲಿ ಇನ್ಶೂರೆನ್ಸ್‌ನವರು ತಕರಾರು ತೆಗೆಯಬಹುದು. ಅದನ್ನ ತಿಳಿದೇ ಹಾಕಿಸಿ. ಹಳೇ ಶಾಕು, ಸ್ಪ್ರಿಂಗು ಮಾರಬೇಡಿ, ಮುಂದೆ ಗಾಡಿ ಮಾರೋವಾಗ ಬೇಕಾಗುತ್ತೆ. ವಾಪಸ್ ಸೇಲಂ, ಹೊಸೂರು ದಾಟಿ ಬರೋವಾಗ ಎಂಟು-ಹತ್ತು ಕ್ಲಿಕ್ ಮೃದು ಮಾಡಿ, ಗಾಳಿ ಮತ್ತೆ ರೋಡ್ ಲೆಕ್ಕಕ್ಕೆ ತುಂಬಿಸಿ, ಚಕ್ರದ ನಟ್ಟುಗಳನ್ನ ಇನ್ನೊಂದು ಸಲ ಟಾರ್ಕ್ ರೆಂಚ್‌ನಲ್ಲಿ ನೋಡಿಕೊಂಡು ಹೊರಡಿ. ಹೆಡ್‌ಲೈಟ್‌ನ ಎತ್ತರವೂ ಬದಲಾಗಿರುತ್ತೆ, ಕತ್ತಲಾಗೋ ಮುಂಚೆ ಗೋಡೆ ಮುಂದೆ ನಿಲ್ಲಿಸಿ ಸರಿ ಮಾಡ್ಕೊಳ್ಳಿ.