ಆನ್‌ಲೈನ್‌ನಲ್ಲಿ ಕಾಟ ಅನುಭವಿಸುತ್ತಿರುವ ತಂಗಿ ಫೋನ್ ಬಿಡುತ್ತಿಲ್ಲ, ಕಿತ್ತಿಟ್ಟುಕೊಳ್ಳಲಾ?

ತಂಗಿ ಎರಡನೇ ವರ್ಷದ ಬಿ.ಕಾಂ., ಯಾರೋ ಅವಳ ಫೋಟೊ ಹಾಕಿ ಇನ್‌ಸ್ಟಾಗ್ರಾಂನಲ್ಲಿ ನಕಲಿ ಪೇಜ್ ಮಾಡಿ ಹೀಯಾಳಿಸುತ್ತಿದ್ದಾರೆ, ಅವಳು ರಾತ್ರಿಯೆಲ್ಲ ಫೋನ್ ಹಿಡಿದೇ ಇರುತ್ತಾಳೆ ಎಂದು ಬರೆದಿದ್ದೀರಿ. ದಯವಿಟ್ಟು ಫೋನ್ ಕಿತ್ತುಕೊಳ್ಳಬೇಡಿ.

ನಾನು ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುವವಳು. ಹೊರಗಿನಿಂದ ನೋಡಿದರೆ ಇದು ಚಟದ ಹಾಗೇ ಕಾಣುತ್ತದೆ. ಆದರೆ ಈ ಹುಡುಗಿಯರು ಕಾವಲು ಕಾಯುತ್ತಿರುತ್ತಾರೆ. ಒಬ್ಬ ವಿದ್ಯಾರ್ಥಿನಿ ಸ್ಟಾಫ್‌ರೂಮಿನಲ್ಲಿ ನನ್ನೆದುರು ಕೂತು ಮಾತಾಡುತ್ತಲೇ ಹೆಬ್ಬೆರಳಲ್ಲಿ ಅದೇ ಪೇಜನ್ನು ರಿಫ್ರೆಶ್ ಮಾಡುತ್ತಿದ್ದಳು. ಹೊಸ ಕಾಮೆಂಟ್ ಬಂತಾ? ಯಾರು ಲೈಕ್ ಒತ್ತಿದರು? ಪಕ್ಕದ ಬೆಂಚಿನ ಗೆಳತಿಯ ಹೆಸರೂ ಇದೆಯಾ? ಬೈಗುಳಕ್ಕಿಂತ ಆ ಒಂದು ಲೈಕ್ ಜಾಸ್ತಿ ಚುಚ್ಚುತ್ತದೆ. ಫೋನ್ ಕಿತ್ತುಕೊಂಡರೆ ಅಲ್ಲಿ ಏನಾಗುತ್ತಿದೆಯೋ ಎಂಬ ದಿಗಿಲು ಇನ್ನೂ ಹೆಚ್ಚುತ್ತದೆ. ಮುಂದೆ ಏನಾದರೂ ಆದರೆ ಮನೆಯಲ್ಲಿ ಬಾಯಿಯನ್ನೂ ಬಿಡುವುದಿಲ್ಲ.

ಆ ಕಾವಲನ್ನು ನೀವು ವಹಿಸಿಕೊಳ್ಳಿ. ಇವತ್ತೇ ಜೊತೆಗೆ ಕೂತು ಪ್ರತಿ ಪೋಸ್ಟಿನ ಸ್ಕ್ರೀನ್‌ಶಾಟ್ ತೆಗೆಯಿರಿ. ಪೇಜಿನ ಲಿಂಕ್, ಯೂಸರ್‌ನೇಮ್, ತಾರೀಕು ಬರೆದಿಡಿ. ಬ್ಲಾಕ್ ಮಾಡುವುದು ಆಮೇಲೆ. ಬಿಸಿಯಲ್ಲಿ ಉತ್ತರ ಕೊಡಲು ಹೋಗಬೇಡಿ, ಅವರಿಗೆ ಬೇಕಿರುವುದೂ ಅದೇ. ಇನ್ನೊಬ್ಬರ ಹೆಸರಲ್ಲಿ ಖಾತೆ ತೆರೆದಿದ್ದರೆ, ಫೋಟೊ ಮಾರ್ಫ್ ಮಾಡಿದ್ದರೆ, ದೂರು ಬಂದ ಕೆಲವೇ ಗಂಟೆಗಳಲ್ಲಿ ಕಂಪನಿ ಕ್ರಮ ತೆಗೆದುಕೊಳ್ಳಬೇಕು ಎಂದು 2021ರ ಐಟಿ ನಿಯಮಗಳು ಹೇಳಿವೆ. ಹಾಗಾಗಿ ಆ್ಯಪ್‌ನಲ್ಲೇ ಮೊದಲು ರಿಪೋರ್ಟ್ ಮಾಡಿ. ಜೊತೆಗೆ ಕೇಂದ್ರ ಸರ್ಕಾರದ ಸೈಬರ್ ಕ್ರೈಂ ಪೋರ್ಟಲ್‌ನಲ್ಲೂ ದೂರು ಹಾಕಿ. ಕಾಲೇಜಿನವರೇ ಮಾಡಿರುವ ಅನುಮಾನವಿದ್ದರೆ ಪ್ರಿನ್ಸಿಪಾಲರಿಗೆ ಬರಹದಲ್ಲೇ ಕೊಡಿ. ಬರೀ ಬಾಯಿಮಾತಿನ ದೂರು ಅಲ್ಲೇ ಕರಗಿಹೋಗುತ್ತದೆ.

ಇಷ್ಟಾದ ಮೇಲೆ ನಿದ್ದೆಯ ಮಾತು. "ರಾತ್ರಿ ಫೋನ್ ಹಾಲ್‌ನಲ್ಲಿ ಚಾರ್ಜ್‌ಗೆ ಇಡೋಣ, ಪೇಜ್ ನಾನು ನೋಡ್ಕೋತೀನಿ" ಎನ್ನಿ. ಅವಳು ಒಪ್ಪಿದರಷ್ಟೇ. ಸುಮ್ನೆ ಹೇಳಿ ಬಿಡಬೇಡಿ, ನಿಜವಾಗಿ ನೋಡಿ.

ಮನೆಯವರ ಹತ್ತಿರ ಹೇಳಲಾಗದ್ದು ಇದ್ದೇ ಇರುತ್ತದೆ, ಅಲ್ವಾ? 14416ಕ್ಕೆ ಫೋನ್ ಮಾಡಲಿ. ಇದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಉಚಿತ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಕಾಟ ನಿಂತ ಮೇಲೂ ಫೋನ್ ಬಿಡಲಾಗದಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದಕ್ಕೆಂದೇ 2014ರಿಂದ 'ಶಟ್' ಕ್ಲಿನಿಕ್ ಇದೆ.

ಊಟ ಬಿಟ್ಟಿದ್ದರೆ, "ಬದುಕಿ ಏನು ಪ್ರಯೋಜನ" ಎಂಬಂಥ ಮಾತು ಬಂದರೆ ಮಾತ್ರ ಇದ್ಯಾವುದಕ್ಕೂ ಕಾಯಬೇಡಿ. ಒಬ್ಬಳನ್ನೇ ಬಿಡದೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಪೊಲೀಸ್ ದೂರು ಮರುದಿನ ಕೊಟ್ಟರೂ ನಡೆಯುತ್ತದೆ.